ಮಾಟಗಾತಿಯ ಹಿತ್ತಿಲಿನಲ್ಲಿ ಒಂದು ಒಡಪು

ಮನೆ ತೋರಿಸುವ ಮೊದಲೇ ಆ ಹೆಂಗಸು ಮೆಟ್ಟಿಲ ಮೇಲೆ ನಿಂತು ಹೇಳಿದರು: "ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾನು ವಿಚ್. ಕೆಲವು ಬಾಡಿಗೆದಾರರಿಗೆ ಅದು ಹಿಡಿಸೋದಿಲ್ಲ."

ವಿಚ್ ಎಂದರೆ ಮಾಟಗಾತಿ. ಅಮೆರಿಕಕ್ಕೆ ಬಂದು ಆಗಿನ್ನೂ ಕೆಲವೇ ವಾರ. ನಾನು ಐದು ವರ್ಷದ ಮಗಳು ಅನುವಿನ ಕೈ ಹಿಡಿದುಕೊಂಡು ಒಂದು ಮೆಟ್ಟಿಲು ಕೆಳಗಿಳಿದೆ. ನಮ್ಮನೆಯವರು ಮಾತ್ರ ಸಂದರ್ಶನಕ್ಕೆ ಕೂತವರ ಹಾಗೆ ಮುಖ ಗಂಭೀರ ಮಾಡಿಕೊಂಡು ಕೇಳಿದರು: "ವೆರಿ ನೈಸ್, ಮೇಡಂ. ಫುಲ್ ಟೈಮೋ, ಪಾರ್ಟ್ ಟೈಮೋ?"

ಆಕೆ ನಕ್ಕೂ ನಕ್ಕೂ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. "ಪಾರ್ಟ್ ಟೈಮ್. ಉಳಿದ ಹೊತ್ತು ಲೈಬ್ರರಿಯಲ್ಲಿ ಕೆಲಸ ಮಾಡ್ತಿದ್ದೆ. ಈಗ ರಿಟೈರ್ ಆಗಿದೀನಿ." ಮೇಲಿನ ಮಹಡಿಯ ಕೀಲಿ ಅಂದೇ ನಮ್ಮ ಕೈಗೆ ಬಂತು. ಆಕೆಯ ಹೆಸರು ಲೊರೇನ್.

ಕಾರಿಗೆ ಹತ್ತುತ್ತಲೇ ನಾನು ಜಗಳ ತೆಗೆದೆ. "ರೀ, ಮಾಟಗಾತಿ ಮನ್ಯಾಗ ಇರೂದನ್ರಿ? ಸಣ್ಣ ಹುಡುಗಿ ಐತಿ ಮನ್ಯಾಗ."

"ಏ ಗಿರಿಜಾ, ಸುಮ್ನ ಕಿವಿಗೊಟ್ಟು ಕೇಳ ಇಲ್ಲೆ," ಎಂದು ಅವರು ಕಿಟಕಿ ಇಳಿಸಿದರು. ಎರಡು ಬೀದಿ ಆಚೆ ರೈಲು ಹೋಗುತ್ತಿತ್ತು. "ಗದಗಿನ್ಯಾಗ ಕುಂತಂಗ ಅನಸೂದಿಲ್ಲೇನು? ನನಗ ಇದ ಮನಿ ಬೇಕು."

ನಾವು ಮನೆ ಹಿಡಿದ ಮೆಟುಚೆನ್ ಎಂಬುದು ನ್ಯೂಯಾರ್ಕಿಗೆ ಹತ್ತಿರದ ಎಡಿಸನ್ ಪಟ್ಟಣಕ್ಕೆ ಅಂಟಿಕೊಂಡಿರುವ ಸಣ್ಣ ಊರು. ಬೆಳಗಾದರೆ ಜನ ಕಾಫಿ ಲೋಟ ಹಿಡಿದು ನ್ಯೂಯಾರ್ಕಿನ ರೈಲಿಗೆ ನಿಲ್ಲುತ್ತಾರೆ. ನಮ್ಮನೆಯವರ ಕೆಲಸ ಇದ್ದುದು ಆ ಕಡೆ ಅಲ್ಲ, ಮಾನ್ಮತ್ ಜಂಕ್ಷನ್ ಎಂಬ ಊರಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ. ಅಲ್ಲಿಗೆ ಅವರು ಡ್ರೈವ್ ಮಾಡಿಕೊಂಡೇ ಹೋಗುತ್ತಿದ್ದರು. ರೈಲು ಅವರಿಗೆ ಬೇಕಾಗಿದ್ದುದು ಹತ್ತಲಿಕ್ಕಲ್ಲ, ಕೇಳಲಿಕ್ಕೆ. ಗದಗಿನ ಸ್ಟೇಶನ್ ಹಿಂದಿನ ಓಣಿಯಲ್ಲಿ ಬೆಳೆದವರು ಅವರು.

ನನಗೆ ಮೊದಲು ಪರಿಚಯವಾದ ಕನ್ನಡದವರು ವನಜಾ ಆಂಟಿ. ಮೈಸೂರಿನ ಕಡೆಯವರು, ಇಲ್ಲಿಗೆ ಬಂದು ಬಹಳ ಕಾಲವಾದವರು. ವಿಷಯ ಕೇಳಿ ಅವರು ಎದೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಗಿರಿಜಾ! ಲೀಸ್ ಸೈನ್ ಮಾಡ್ಬಿಟ್ರಾ? ಸರಿ, ಬಾಗಿಲಿಗೆ ಒಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಮ್ಮ. ಇಂಥವರ ದೃಷ್ಟಿ ತಾಗ್ಬಾರ್ದು." ಮರುದಿನವೇ ಕಟ್ಟಿದೆ. ಸಂಜೆ ಲೊರೇನ್ ಬಾಗಿಲು ತಟ್ಟಿದರು. ಕಂಡುಹಿಡಿದುಬಿಟ್ಟರು ಎಂದುಕೊಂಡೇ ತೆರೆದೆ.

"ಇದೇನಿದು? ಎಷ್ಟು ಚೆಂದ ಇದೆ!"

ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಕೆಟ್ಟದ್ದು ಒಳಗೆ ಬಾರದಿರಲಿ ಎಂದು ಕಟ್ಟುವುದು ಎಂದೆ. ಆ ಕೆಟ್ಟದ್ದು ನೀವೇ ಎಂದು ಹೇಳಲಿಲ್ಲ.

"ನನಗೂ ಒಂದು ಮಾಡಿಕೊಡ್ತೀಯಾ? ನಮ್ಮಲ್ಲಿ ಇದಕ್ಕೆ ಬೆಳ್ಳುಳ್ಳಿ ಕಟ್ತಾರೆ," ಎಂದರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಎರಡು ಸರ ಪೋಣಿಸುವುದು ರೂಢಿಯಾಯಿತು. ಒಂದು ಮಾಟಗಾತಿಯನ್ನು ತಡೆಯಲಿಕ್ಕೆ, ಒಂದು ಮಾಟಗಾತಿಗೆ. ನಮ್ಮನೆಯವರು ಈ ಕಥೆಯನ್ನು ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳಿ ನಗುತ್ತಿದ್ದರು.

ಲೊರೇನ್ ತಮ್ಮನ್ನು ಪೇಗನ್ ಎಂದೂ ಕರೆದುಕೊಳ್ಳುತ್ತಿದ್ದರು. ಕ್ರೈಸ್ತ ಮತ ಬರುವ ಮೊದಲು ಯುರೋಪಿನ ಜನ ಭೂಮಿ, ಚಂದ್ರ, ಬೆಂಕಿ, ಸುಗ್ಗಿ ಇವುಗಳಿಗೆ ನಡೆದುಕೊಳ್ಳುತ್ತಿದ್ದರಲ್ಲ, ಅದನ್ನು ಮತ್ತೆ ಹಿಡಿದುಕೊಂಡವರು ಇವರು. ಹುಣ್ಣಿಮೆಗೆ ಏಳೆಂಟು ಜನ ಹಿತ್ತಿಲಿನಲ್ಲಿ ಸುತ್ತು ಕಟ್ಟಿ ನಿಲ್ಲುತ್ತಿದ್ದರು. ನಾನು ಮೇಲಿನ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಪ್ರದಕ್ಷಿಣೆ ಬಲಕ್ಕೇ ಬರುತ್ತಿದ್ದರು, ನಮ್ಮ ಹಾಗೇ. ದೀಪ, ಧೂಪ, ನೀರು ತುಂಬಿದ ತಂಬಿಗೆಯಂಥ ಪಾತ್ರೆ. ಒಂದೇ ವ್ಯತ್ಯಾಸ ನನಗೆ ಕಂಡಿದ್ದು: ಪೂಜಾರಿ ಯಾರೆಂದು ಗೊತ್ತಾಗುತ್ತಿರಲಿಲ್ಲ. ಒಂದು ಹುಣ್ಣಿಮೆಗೆ ಒಬ್ಬರು ನಡುವೆ ನಿಂತರೆ, ಮುಂದಿನ ಹುಣ್ಣಿಮೆಗೆ ಇನ್ನೊಬ್ಬರು. ಕೇಳಿದಾಗ ಲೊರೇನ್ ಹೇಳಿದ್ದರು: "ಇಲ್ಲಿ ಒಬ್ಬರ ಶಕ್ತಿ ಇನ್ನೊಬ್ಬರ ಮೇಲೆ ಅಲ್ಲ. ಎಲ್ಲರದ್ದೂ ಕೂಡಿಸಿ ಇಟ್ಟುಕೊಳ್ಳೋದು. ಯಾರಿಗೆ ಕಡಿಮೆ ಬಿದ್ದಿದೆಯೋ ಅವರು ತೊಗೊಳ್ಳೋದು."

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ಹೇಳಲೇಬೇಕಾದಾಗ ಒಡಪು ಇಟ್ಟು ಹೇಳಬೇಕು. ಒಡಪು ಎಂದರೆ ಪ್ರಾಸದ ಎರಡು ಸಾಲು, ಅದರ ನಡುವೆ ಹೆಸರನ್ನು ಸೇರಿಸಿ, ಮೆತ್ತಗೆ ದಾಟಿಸಿಬಿಡುವುದು. ಮದುವೆಯಾಗಿ ಗದಗಿನ ಮನೆಗೆ ಬಂದಾಗ ನಾದಿನಿ ಕಮಲಾ ಹೊಸ್ತಿಲಿಗೆ ಕೈ ಅಡ್ಡ ಇಟ್ಟು ನಿಂತಿದ್ದಳು. "ನಮ್ಮಣ್ಣನ ಹೆಸರ ಹೇಳು. ಆಮ್ಯಾಲ ಒಳಗ ಬಾ." ಹಿಂದೆ ಇಡೀ ಓಣಿ ನಗುತ್ತಿತ್ತು. ನಾನು ತಲೆ ತಗ್ಗಿಸಿ, "ಗದಗ ಸ್ಟೇಶನ್ದಾಗ ಕೂಗ್ತು ಹುಬ್ಬಳ್ಳಿ ಗಾಡಿ" ಎಂದು ಶುರು ಮಾಡಿ, ಎರಡನೆಯ ಸಾಲಿನಲ್ಲಿ ಅವರ ಹೆಸರನ್ನು ಹೇಳಿಯೂ ಹೇಳದಂತೆ ಹೇಳಿದ್ದೆ. ಕಮಲಾ ಕೈ ತೆಗೆದಿದ್ದಳು. ಆ ಹೆಸರು ನನ್ನ ಬಾಯಿಂದ ಹೊರಬಿದ್ದದ್ದು ಅದೊಂದೇ ಸಲ.

ಊರಿನಲ್ಲಿ ಇದರಿಂದ ಏನೂ ತೊಂದರೆಯಿರಲಿಲ್ಲ. ಯಾರೂ ಕೇಳುವುದೇ ಇಲ್ಲ, ಕೇಳಿದರೂ ಪಕ್ಕದವರು ಹೇಳುತ್ತಾರೆ. ಆದರೆ ಅಮೆರಿಕದಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಎಲ್ಲೆಲ್ಲೂ ಹೇಳಬೇಕು. ಶಾಲೆಯಲ್ಲಿ, ದಂತವೈದ್ಯರಲ್ಲಿ, ಕರೆಂಟಿನವರ ಫೋನಿನಲ್ಲಿ. ನಾನೊಂದು ಉಪಾಯ ಕಂಡುಕೊಂಡೆ. ಇಲ್ಲಿ ನಮ್ಮ ಹೆಸರುಗಳು ಯಾರಿಗೂ ತಿಳಿಯುವುದಿಲ್ಲ, ಹೇಗೂ ಅಕ್ಷರ ಬಿಡಿಸಿ ಹೇಳು ಎನ್ನುತ್ತಾರೆ. ನಾನು ಮೊದಲಿಂದಲೇ ಬಿಡಿಬಿಡಿ ಅಕ್ಷರ ಹೇಳುತ್ತಿದ್ದೆ. ಅಕ್ಷರ ಹೇಳಿದರೆ ಹೆಸರು ಹೇಳಿದಂತಲ್ಲ ಎಂದು ನನ್ನ ಲೆಕ್ಕಾಚಾರ. ನಮ್ಮನೆಯವರು ಸೋಫಾದಲ್ಲಿ ಕೂತು, "ಹುಷಾರ್ ಮತ್ತ, ಅಕ್ಷರಕ್ಕೊಂದು ತಾಸು ಆಯುಷ್ಯ ಹೋಗತೈತಿ!" ಎಂದು ಕಾಡುತ್ತಿದ್ದರು.

ಅವರು ಹೋದದ್ದು ನಾವು ಇಲ್ಲಿಗೆ ಬಂದು ಆರೇಳು ವರ್ಷವಾದ ಮೇಲೆ, ಹಿಮ ಬಿದ್ದ ಒಂದು ಬೆಳಿಗ್ಗೆ. ನಮ್ಮ ಕಾರಿನ ಸುತ್ತ ಹಿಮ ತೆಗೆದು, ಎಂದಿನಂತೆ ಲೊರೇನ್ ಅವರ ಮೆಟ್ಟಿಲನ್ನೂ ತೆಗೆಯುತ್ತಿದ್ದರು. ಸಲಿಕೆ ಬಿದ್ದ ಸದ್ದಿಗೆ ಮೊದಲು ಓಡಿ ಬಂದವರು ಲೊರೇನ್. ನಾನು ಇಳಿದು ಬರುವಷ್ಟರಲ್ಲಿ ಆಕೆ ಹಿಮದಲ್ಲಿ ಮಂಡಿಯೂರಿ ಅವರ ಎದೆ ಒತ್ತುತ್ತಿದ್ದರು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಹೆಸರೇನು ಎಂದು ಆ ಕಡೆಯಿಂದ ಕೇಳಿದರು. ನಾನು ಅಕ್ಷರ ಬಿಡಿಸಿ ಹೇಳಲು ಶುರು ಮಾಡಿದೆ. ಮೂರನೆಯ ಅಕ್ಷರಕ್ಕೆ ನನ್ನ ದನಿ ನಿಂತಿತು. ಅನು ಫೋನ್ ಕಿತ್ತುಕೊಂಡು ಅಪ್ಪನ ಹೆಸರನ್ನು ಜೋರಾಗಿ ಹೇಳಿದಳು.

ಆಂಬುಲೆನ್ಸ್ ಬೇಗ ಬಂತು. ಎಲ್ಲರೂ ಎಲ್ಲವನ್ನೂ ಮಾಡಿದರು. ಅವರು ಉಳಿಯಲಿಲ್ಲ.

ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ನಡುದಾರಿಯಲ್ಲಿತ್ತು. ಈಗಿನ ಪರಿಸ್ಥಿತಿಯಲ್ಲಿ ದೇಶ ಬಿಟ್ಟು ಹೋದರೆ ಮರಳಿ ಬರುವುದು ಖಾತ್ರಿಯಿಲ್ಲ ಎಂದರು ವಕೀಲರು. ಅನುವಿನ ಶಾಲೆ, ಗೆಳತಿಯರು, ಭಾಷೆ ಎಲ್ಲ ಇಲ್ಲಿಯೇ. ಹಾಗಾಗಿ ಊರಿಗೆ ಹೊರಟಿದ್ದ ಅವರ ಸಹೋದ್ಯೋಗಿಯೊಬ್ಬರ ಕೈಯಲ್ಲಿ ಬೂದಿ ಕಳಿಸಿದೆ. ಮೈದುನ ಅದನ್ನು ತುಂಗಭದ್ರೆಗೆ ಬಿಟ್ಟ. ನಾನು ವಿಡಿಯೊದಲ್ಲಿ ನೋಡಿದೆ. ಒಮ್ಮೆ ನೆಟ್‌ವರ್ಕ್ ಹೋಗಿ ಮತ್ತೆ ಬರುವಷ್ಟರಲ್ಲಿ ನೀರು ಮಾತ್ರ ಕಾಣುತ್ತಿತ್ತು.

ಆ ವರ್ಷ ಇಲ್ಲಿ ಗಾಳಿಯೂ ಬದಲಾಗಿತ್ತು. ವನಜಾ ಆಂಟಿಯ ಮನೆಯಲ್ಲಿ ಸೇರಿದರೆ ಮೊದಲು ಸೀರೆ, ಮಕ್ಕಳ ಕಾಲೇಜು ಎಂದು ಮಾತಿರುತ್ತಿತ್ತು. ಈಗ ಎಲ್ಲರೂ ವೀಸಾ, ಗ್ರೀನ್ ಕಾರ್ಡ್, ಯಾರನ್ನು ಎಲ್ಲಿ ನಿಲ್ಲಿಸಿ ಪೇಪರ್ಸ್ ಕೇಳಿದರಂತೆ ಎಂಬುದನ್ನೇ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು. "ನೀನು ಈಗ ಒಬ್ಬಳೇ ಇದ್ದೀಯ," ಎಂದರು ಆಂಟಿ. "ಗುಂಪು ಗಿಂಪು ಅಂತ ಎಲ್ಲೂ ಹೋಗ್ಬೇಡ. ಫೋಟೋದಲ್ಲಿ ಬೀಳ್ಬೇಡ. ಪೇಪರ್ಸ್ ಬರೋ ತನಕ ಗೋಡೆ ಥರ ಇದ್ದುಬಿಡು." ಅವರು ಕಾಳಜಿಯಿಂದಲೇ ಹೇಳಿದ್ದು. ನಾನು ಹಾಗೆಯೇ ಇದ್ದೆ.

ಕೆಳಗಿನ ಮನೆಗೂ ಆ ಗಾಳಿ ತಾಕಿತು. ಎಲ್ಲರಿಗೂ ಇಲ್ಲಿ ಸ್ವಾಗತ ಎಂದು ಬರೆದ ಹಲಗೆಯೊಂದು ಲೊರೇನ್ ಅವರ ಅಂಗಳದಲ್ಲಿತ್ತು. ಒಂದು ಬೆಳಿಗ್ಗೆ ಯಾರೋ ಅದನ್ನು ಕಿತ್ತು ಎರಡು ತುಂಡು ಮಾಡಿ ಎಸೆದಿದ್ದರು. ಹುಣ್ಣಿಮೆಗೆ ಬರುವವರು ಕಡಿಮೆಯಾದರು. ಪ್ರತಿ ತಿಂಗಳೂ ಬರುತ್ತಿದ್ದ ಬೆತ್ ಎಂಬ ಶಾಲಾ ಟೀಚರ್ ಬರುವುದನ್ನೇ ಬಿಟ್ಟಳು. ಯಾವುದಾದರೂ ಮಗುವಿನ ತಂದೆತಾಯಿ ನೋಡಿ ದೂರು ಕೊಟ್ಟರೆ ಎಂಬ ಹೆದರಿಕೆ ಅವಳಿಗೆ. ನನ್ನ ಹೆದರಿಕೆ ನನ್ನ ದೇಶದಿಂದ ಬಂದವರದ್ದು ಮಾತ್ರ ಎಂದುಕೊಂಡಿದ್ದೆ. ಇಲ್ಲಿಯೇ ಹುಟ್ಟಿದವಳಿಗೂ ಗೆಳತಿಯ ಹಿತ್ತಿಲಿಗೆ ಬರಲು ಹೆದರಿಕೆ ಎಂದಾಗ ನನಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು.

ಅಕ್ಟೋಬರ್ ಕೊನೆಗೆ ಅವರದ್ದೊಂದು ಹಬ್ಬ. ಹೆಸರು ಸಾವಿನ್. ಕೇಳಿ ಬೆಚ್ಚಿದೆ, ಆದರೆ ಅದು ಅವರ ಹಳೆಯ ಭಾಷೆಯ ಬೇರೆಯೇ ಮಾತು, ಬೇಸಿಗೆ ಮುಗಿಯಿತು ಎಂದರ್ಥವಂತೆ. ಅದು ಅವರ ಹಿರಿಯರ ಹಬ್ಬ, ಹೊಸ ವರ್ಷವೂ ಅದೇ. ನಮಗೆ ವರ್ಷ ಶುರುವಾಗುವುದು ಯುಗಾದಿಯ ಚಿಗುರಿನಲ್ಲಿ. ಇವರಿಗೆ ಎಲೆಯೆಲ್ಲ ಉದುರಿ, ಕತ್ತಲೆ ಹೆಚ್ಚುವಾಗ. "ಬೀಜ ಮೊದಲು ಇರೋದು ಕತ್ತಲೆಯಲ್ಲೇ ತಾನೆ?" ಎನ್ನುತ್ತಿದ್ದರು ಲೊರೇನ್. ಆ ಸಂಜೆ ಸತ್ತವರಿಗೂ ಒಂದು ತಟ್ಟೆ ಇಟ್ಟು, ಮಾತಿಲ್ಲದೆ ಊಟ ಮಾಡುತ್ತಾರೆ. ಊಟಕ್ಕೆ ಮೊದಲು, ವರ್ಷದಲ್ಲಿ ಯಾರನ್ನು ಕಳೆದುಕೊಂಡಿದ್ದಾರೋ ಅವರ ಹೆಸರನ್ನು ಬಾಗಿಲಲ್ಲಿ ನಿಂತು ಹೇಳಿ ದೀಪ ಹಚ್ಚಬೇಕು.

"ಈ ಸಲ ನೀನು ಬರಬೇಕು," ಎಂದು ಲೊರೇನ್ ಮೇಲೆ ಬಂದು ಕೂತರು. ನಮ್ಮನೆಯವರನ್ನು ಲೊರೇನ್ ಯಾವಾಗಲೂ 'ನೇಬರ್' ಎಂದೇ ಕರೆಯುತ್ತಿದ್ದರು. "ನೇಬರ್‌ಗೆ ಒಂದು ದೀಪ ಇಡ್ತೀನಿ. ಆದರೆ ಅದನ್ನು ನಾನು ಹಚ್ಚೋಕಾಗಲ್ಲ. ಹತ್ತಿರದವರು ಹೆಸರು ಹೇಳಿಯೇ ಹಚ್ಚಬೇಕು. ಇಲ್ಲದಿದ್ದರೆ ಹಾಗೇ ಇರುತ್ತೆ."

"ನೀವೇ ಹೇಳಿ," ಎಂದೆ.

"ಗಿರಿಜಾ, ಊರಿನಲ್ಲಿ ಅವರಿಗೆ ಮಾಡಬೇಕಾದದ್ದನ್ನೆಲ್ಲ ಬೇರೆಯವರು ಮಾಡಿದ್ದಾರೆ. ಇದೊಂದನ್ನು ನಿನಗೆ ಅಂತ ಉಳಿಸಿದ್ದೀನಿ."

ಅನು ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. ಈಗ ಅವಳಿಗೆ ಹನ್ನೆರಡು. "ಅಮ್ಮಾ, ದೇ ಜಸ್ಟ್ ವಾಂಟ್ ಹಿಸ್ ನೇಮ್. ವೈ ಈಸ್ ಇಟ್ ಸೋ ಹಾರ್ಡ್?"

ಅವಳಿಗೆ ಏನೆಂದು ಹೇಳಲಿ? ಸವೆಯಲಿಕ್ಕೆ ಅವರಿಗೆ ಆಯುಷ್ಯವೇ ಉಳಿದಿಲ್ಲ. ಇನ್ನು ಹೆಸರು ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ. ಅದಕ್ಕೇ ನನಗೆ ಹೇಳಲು ಆಗುತ್ತಿರಲಿಲ್ಲ. ಹೇಳದೆ ಇರುವವರೆಗೆ ನಾನು ಏನನ್ನೋ ಕಾಪಾಡುತ್ತಿದ್ದೇನೆ ಎನಿಸುತ್ತಿತ್ತು.

ಹಬ್ಬದ ಹಿಂದಿನ ವಾರ ಕೆಳಗೆ ಸಣ್ಣ ಸಭೆ ಸೇರಿತು. ಅಡುಗೆಗಾದರೂ ನೆರವಾಗುತ್ತೇನೆ ಎಂದಿದ್ದೆ; ಹೋಳಿಗೆ ಎಷ್ಟು ಬೇಕೆಂದು ಕೇಳಲು ಹೋದವಳು ನಾನೂ ಕೂತೆ. ಬೆತ್ ಬಹಳ ದಿನದ ನಂತರ ಬಂದಿದ್ದಳು. ಈ ಸಲ ಹಿತ್ತಿಲು ಬೇಡ, ನೆಲಮಾಳಿಗೆಯಲ್ಲಿ ಮಾಡೋಣ, ಕಿಟಕಿಗೆ ದಪ್ಪ ಬಟ್ಟೆ ಹಾಕೋಣ ಎಂದು ಮಾತಾಗುತ್ತಿತ್ತು. ಲೊರೇನ್ ಕೂಡ ಹೂಂ ಎಂದರು. ಅವರ ಮುಖ ಸೋತಿತ್ತು. ಹಲಗೆ ಮುರಿದ ದಿನವೂ ಅವರನ್ನು ನಾನು ಹಾಗೆ ನೋಡಿರಲಿಲ್ಲ.

ನಾನು ಅಂಥಲ್ಲಿ ಮಾತಾಡುವವಳಲ್ಲ. ಆದರೂ ಬಾಯಿಂದ ಬಂದುಬಿಟ್ಟಿತು: "ನಮ್ಮಲ್ಲಿ ಸತ್ತವರ ತಟ್ಟೆಯನ್ನು ಮನೆಯ ಮಾಳಿಗೆ ಮೇಲೆ ಇಡ್ತಾರೆ. ಆಕಾಶ ಕಾಣೋ ಕಡೆ. ಮುಚ್ಚಿದ ಕಡೆ ಇಟ್ಟರೆ ಅವರು ಹೇಗೆ ಬರ್ತಾರೆ? ಮನೆಯವರೇ ಅಡಗಿ ಕೂತರೆ, ಬೇಡವೇನೋ ಅಂದುಕೊಂಡು ಹೋಗಿಬಿಡ್ತಾರೆ."

ಬೆತ್ ಕೇಳಿದಳು: "ನಿನಗೆ ಹೆದರಿಕೆ ಇಲ್ವಾ?"

"ನಿನಗಿಂತ ಜಾಸ್ತಿ ಇದೆ."

ಬೆತ್ ನಕ್ಕಳು. "ಸರಿ. ಹಾಗಾದ್ರೆ ಬಾಗಿಲಲ್ಲಿ ನಾನು ನಿಲ್ತೀನಿ. ನೋಡುವವರು ಮೊದಲು ನನ್ನನ್ನೇ ನೋಡಲಿ." ಅಲ್ಲಿಗೆ ಹಿತ್ತಿಲೇ ಎಂದಾಯಿತು. ಲೊರೇನ್ ಎದ್ದು ಹೋಗಿ ಮುರಿದ ಹಲಗೆಯ ತುಂಡುಗಳನ್ನು ತಂದು, ಕೂತಲ್ಲಿಯೇ ಅಂಟಿಸತೊಡಗಿದರು.

ಹಬ್ಬದ ದಿನ ಎಡಿಸನ್ನಿನ ಅಂಗಡಿಯಿಂದ ಉದ್ದ ಮೆಣಸಿನಕಾಯಿ ತಂದೆ. ಹೋಳಿಗೆ, ಎಣ್ಣೆಗಾಯಿ ಬದನೆ, ಜೋಳದ ರೊಟ್ಟಿ, ಅವರಿಗೆ ಪ್ರಾಣವಾಗಿದ್ದ ಮಿರ್ಚಿ ಭಜಿ ಮಾಡಿದೆ. ಎರಡೂ ಬಾಗಿಲಿಗೆ ಹೊಸ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಹೊರಡುವಾಗ ಆಂಟಿಯ ಫೋನ್ ಬಂತು. ಸುಳ್ಳು ಹೇಳಲಾಗದೆ ಎಲ್ಲ ಹೇಳಿದೆ. ಅವರು, "ಸ್ವೆಟರ್ ಹಾಕ್ಕೊಂಡು ಹೋಗು. ಚಳಿ ಇದೆ," ಎಂದು ಇಟ್ಟರು.

ಹಿತ್ತಿಲ ಗೇಟಿನಲ್ಲಿ ಬೆತ್ ನಿಂತಿದ್ದಳು. ಅವಳ ಕೈಯಲ್ಲಿದ್ದುದು ಕಸಬರಿಗೆ! ಮುಸ್ಸಂಜೆ ಹೊತ್ತಿನಲ್ಲಿ, ಬಾಗಿಲಿಗೆ ಅಡ್ಡ. ನನ್ನ ಅವ್ವ ನೋಡಿದ್ದರೆ ಅದನ್ನು ಕಿತ್ತುಕೊಂಡು ಅವಳಿಗೇ ಬಾರಿಸುತ್ತಿದ್ದಳು. ಒಬ್ಬೊಬ್ಬರೂ ಗೇಟಿಗೆ ಬಂದು ಹೆಸರು ಹೇಳಿದರು. ಯಾರದೋ ಅಣ್ಣ, ಯಾರದೋ ಗೆಳತಿ. ಹೆಸರು ಬಂದ ಕೂಡಲೇ ಕಸಬರಿಗೆ ಸರಿಯುತ್ತಿತ್ತು. ಒಳಗೆ ಹೋದವರು ದೀಪ ಹಚ್ಚಿ ಸುತ್ತಿನಲ್ಲಿ ನಿಲ್ಲುತ್ತಿದ್ದರು. ಬೀದಿಯಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಗಂಡಸೊಬ್ಬ ನಿಂತು ನೋಡಿದ. ಬೆತ್ ಅವನಿಗೆ ಬೆನ್ನು ತಿರುಗಿಸಲಿಲ್ಲ, "ಗುಡ್ ಈವನಿಂಗ್" ಎಂದಳು. ಅವನೂ ಏನೋ ಗೊಣಗಿ ಮುಂದೆ ನಡೆದ.

ನನ್ನ ಸರದಿ ಬಂತು. ಕಸಬರಿಗೆ ಎದೆಯ ಮಟ್ಟಕ್ಕೆ ಅಡ್ಡ ಬಂತು.

"ಯಾರನ್ನು ಕರೆದುಕೊಂಡು ಬಂದೆ?" ಎಂದಳು ಬೆತ್.

ಕೈಯಲ್ಲಿ ಎಡೆಯ ತಟ್ಟೆ. ಪಕ್ಕದಲ್ಲಿ ಅನು. ಬಾಯಿ ತೆರೆದೆ, ಬರಲಿಲ್ಲ. ಅಕ್ಷರ ಬಿಡಿಸಿ ಹೇಳಲೇ ಎಂದು ಕೂಡ ಯೋಚಿಸಿದೆ. ಅನು ನನ್ನ ಮುಖ ನೋಡುತ್ತಿದ್ದಳು. ಬೇಕಿದ್ದರೆ ಅವಳು ಒಂದು ಉಸಿರಿನಲ್ಲಿ ಹೇಳಬಲ್ಲವಳು. ಹೇಳಲಿಲ್ಲ, ನನ್ನ ಸ್ವೆಟರಿನ ತುದಿಯನ್ನು ಮಾತ್ರ ಹಿಡಿದುಕೊಂಡಳು. ಬೆತ್ ಕೂಡ ಅವಸರ ಮಾಡಲಿಲ್ಲ. ಕಸಬರಿಗೆ ಹಿಡಿದ ಅವಳ ಕೈ ನೋಡಿದೆ. ಹೊಸ್ತಿಲಿಗೆ ಅಡ್ಡ ಬಂದಿದ್ದ ಕಮಲಾಳ ಬಳೆಗಳು ನೆನಪಾದವು. ಆ ಹೊತ್ತಿಗೆ ಎರಡು ಬೀದಿ ಆಚೆ ರೈಲು ಕೂಗಿತು. ನಾಲಿಗೆ ತಾನೇ ದಾರಿ ಹಿಡಿಯಿತು:

"ಮೆಟುಚೆನ್ ಸ್ಟೇಶನ್ದಾಗ ಕೂಗ್ತು ನ್ಯೂಯಾರ್ಕ್ ಗಾಡಿ,
ಶಿವಾನಂದರನ್ನ ಕರ್ಕೊಂಡ ಬಂದೀನಿ, ಬಾಗಿಲ ತಗೀರಿ ನೋಡಿ."

ಬೆತ್‌ಗೆ ಒಂದು ಮಾತೂ ತಿಳಿದಿರಲಿಕ್ಕಿಲ್ಲ. ಆದರೂ ಹೆಸರು ಯಾವುದೆಂದು ಅವಳಿಗೆ ಗೊತ್ತಾಯಿತು. ಕಸಬರಿಗೆ ಸರಿಸಿದಳು. ದೀಪ ಹಚ್ಚಿದೆ. ಅಲ್ಲಿಯ ಕ್ರಮದಂತೆ ಎಲ್ಲರೂ ಆ ಹೆಸರನ್ನು ಮೂರು ಸಲ ಹೇಳಬೇಕು. ಒಬ್ಬರು 'ಶಿವನಾಂಡ್' ಎಂದರು, ಇನ್ನೊಬ್ಬರು ಮತ್ತೇನೋ ಎಂದರು. ಲೊರೇನ್ ನನ್ನ ಕಡೆ ನೋಡಿ, "ಸರಿಯಾಗಿ ಹೇಳಿಕೊಡು. ನೇಬರ್ ಹೆಸರು ತಪ್ಪಾಗಬಾರದು," ಎಂದರು. ನಾನು ಹೇಳಿಕೊಟ್ಟೆ. ಶಿವಾನಂದ. ಮತ್ತೆ ತಪ್ಪಿದರು. ಮತ್ತೆ ಹೇಳಿದೆ. ಶಿ-ವಾ-ನಂ-ದ. ಹದಿನೈದು ವರ್ಷ ಬಾಯಿಗೆ ಬಾರದ ಹೆಸರನ್ನು ಆ ಮಾಟಗಾತಿಯರಿಗೆ ಪಾಠದಂತೆ ಹೇಳಿಕೊಟ್ಟೆ. ಕಡೆಗೆ ಎಲ್ಲರೂ ಕೂಡಿ ಸರಿಯಾಗಿ ಹೇಳಿದಾಗ ಅನು ಅತ್ತಳು. ಆಮೇಲೆ ನಾನೂ ಅತ್ತೆ.

ಊಟಕ್ಕೆ ಕೂರುವ ಮೊದಲು ಲೊರೇನ್ ಕಿವಿಯಲ್ಲಿ ಹೇಳಿದರು: ಇವತ್ತು ಎಲ್ಲವೂ ತಿರುವುಮುರುವು, ಸಿಹಿಯನ್ನು ಮೊದಲು ತಿನ್ನಬೇಕು, ಆಶ್ಚರ್ಯಪಡಬೇಡ. ನಮ್ಮ ಕಡೆ ಹಬ್ಬದೂಟದಲ್ಲಿ ಎಲೆಗೆ ಹೋಳಿಗೆ ಮೊದಲೇ ಬೀಳುತ್ತದೆ. ಅಮೆರಿಕದಲ್ಲಿ ನಾನು ಉಂಡ ನೆಟ್ಟಗಿನ ಊಟ ಅದೊಂದೇ ಎಂದು ಹೇಳಬೇಕೆನಿಸಿತು. ಆದರೆ ಮಾತಾಡುವ ಹಾಗಿರಲಿಲ್ಲ. ಅವರಿದ್ದರೆ ಕಣ್ಣಲ್ಲೇ ನಗುತ್ತಿದ್ದರು.

ಮರುದಿನ ಬೆಳಿಗ್ಗೆ ಕಮಲಾಗೆ ಫೋನ್ ಮಾಡಿದೆ. ಗದಗಿನಲ್ಲಿ ಆಗ ಸಂಜೆ. ಅವಳು ದೀಪಾವಳಿಯ ಉಂಡಿ ಡಬ್ಬಿ ತೊಳೆಯುತ್ತಿದ್ದಳು.

"ನಾ ನಿಮ್ಮಣ್ಣನ ಹೆಸರ ಹೇಳಿದ್ನಿ," ಎಂದೆ.

"ಅಯ್ಯ ಶಿವನ! ಯಾರ ಮುಂದ?"

"ಮಾಟಗಾತೇರ ಮುಂದ."

ನೀರಿನ ಸದ್ದು ನಿಂತಿತು. "ಬರೇ ಹೆಸರ ಹೇಳಿದೇನು?"

"ಇಲ್ಲ. ಒಡಪ ಇಟ್ಟು ಹೇಳಿದ್ನಿ." ಆಮೇಲೆ ಬರೇ ಹೆಸರನ್ನೂ ಎಷ್ಟೋ ಸಲ ಹೇಳಿದ್ದನ್ನು ಅವಳಿಗೆ ಹೇಳಲಿಲ್ಲ.

"ಯಾವ ಒಡಪ? ಹೇಳ ನೋಡೂನು."

ಹೇಳಿದೆ. ಆ ಕಡೆ ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಮೂಗು ಏರಿಸಿದ ಸದ್ದು ಕೇಳಿತು. ಇಲ್ಲಿ ಕಿಟಕಿಯಾಚೆ, ಎಡೆಯ ತಟ್ಟೆಯ ಮೇಲೆ ಒಂದು ಅಳಿಲು ಕೂತು ಮಿರ್ಚಿಯನ್ನು ಬಿಟ್ಟು ಹೋಳಿಗೆ ತಿನ್ನುತ್ತಿತ್ತು.

"ಚಲೋ ಹೇಳೀದಿ, ವೈನಿ," ಎಂದಳು ಕಮಲಾ. "ಇನ್ನ ಒಳಗ ಬಾ."

ಯಾವ ಮನೆಯ ಒಳಗೆ ಎಂದು ನಾನು ಕೇಳಲಿಲ್ಲ.